ಜೋಳದ ಕಾಳಿನ ಮುಂಬಯಿ

ನಮ್ಮ ಅಪ್ಪನಿಗೆ ಮುಂಬಯಿ ಗೊತ್ತು. ತಿಕೋಟಾದಲ್ಲಿ ಈ ಮಾತಿಗೆ ಎದುರಾಡುವವರಿರಲಿಲ್ಲ. ಶಾಲೆಯಲ್ಲಿ ಯಾವಳಾದರೂ ತನ್ನಪ್ಪನ ಹೊಲ, ಎತ್ತು, ಬಾವಿ ಅಂತ ಜಂಬ ಕೊಚ್ಚಿದರೆ ನಾನು ಮೂಗು ಮುರಿದು, “ನಿಮ್ಮಪ್ಪ ಮುಂಬೈ ನೋಡ್ಯಾನೇನು?” ಅಂತ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೆನೆಸಿಕೊಂಡರೆ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತದೆ.

ದೂರದ ಊರಿಗೆ ಹೊರಟವರು ಆ ಊರು ಕಂಡವರ ಮನೆಗೆ ಎಲೆ ಅಡಿಕೆ ಹಿಡಿದುಕೊಂಡು ಹೋಗಿ ದಾರಿ ಕೇಳುವುದು ಆಗ ನಮ್ಮ ಕಡೆಯ ಪದ್ಧತಿ. ಪಂಢರಪುರಕ್ಕೆ ಹೊರಟವರು ಒಬ್ಬರ ಮನೆಗೆ ಹೋದರೆ, ಸೊಲ್ಲಾಪುರದ ಗಿರಣಿಗೆ ಹೊರಟವರು ಇನ್ನೊಬ್ಬರ ಮನೆಗೆ ಹೋಗುವರು. ಮುಂಬಯಿಯವರು ನಮ್ಮ ಮನೆಗೆ. ಅಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಕೂಡುತ್ತಿದ್ದ. ಅವ್ವ ಒಳಗಿನಿಂದ ಮೊರದಲ್ಲಿ ಜೋಳ, ತಂಬಿಗೆಯಲ್ಲಿ ನೀರು ತಂದಿಡುವಳು. ಅಪ್ಪ ಕಟ್ಟೆಯ ಕಲ್ಲು ಒರೆಸಿ, ಒಂದು ಹಿಡಿ ಜೋಳವನ್ನು ಮೂಡಲ ಅಂಚಿಗೆ ಗುಡ್ಡೆ ಹಾಕುವನು.

“ಇದು ಬೋರಿಬಂದರ ಠೇಶನ್. ಹೊರಗ ಬಿದ್ದಕೂಡ್ಲೆ ಮಗ್ಗಲದಾಗ ದೊಡ್ಡ ಗುಮ್ಮಟ. ಅದನ್ನ ಬೆನ್ನಿಗಿ ಹಾಕಿ ಪಡುವಲಕ್ಕ ಮಾರಿ ಮಾಡ್ರಿ. ಒಂದ ರಸ್ತಾ. ನಡುವ ಕೋಟಿ ಬರ್ತೈತಿ. ಕೋಟಿ ದಾಟಿದ್ರ ಬಜಾರ. ಬಜಾರ ದಾಟಿ ಅರ್ಧಾ ತಾಸು ನೆಟ್ಟಗ ನಡದ್ರ ನೀರು. ಅದ ಸಮುದ್ರ.”

‘ನೀರು’ ಅನ್ನುವಾಗ ತಂಬಿಗೆಯಿಂದ ಒಂದಿಷ್ಟು ನೀರನ್ನು ಕಲ್ಲಿನ ಪಡುವಲ ಅಂಚಿಗೆ ಚೆಲ್ಲುವನು. ಕೇಳಲು ಬಂದವರು ಹೌಹಾರಿ ಕಾಲು ಹಿಂದೆ ತೆಗೆದುಕೊಳ್ಳುವರು. ನನಗೆ ಅದೇ ಗಮ್ಮತ್ತು. ಅವರು ಎದ್ದು ಹೋದ ಮೇಲೆ ಆ ಕಾಳನ್ನು ಮತ್ತೆ ಬೀಸುವ ಜೋಳಕ್ಕೆ ಬೆರೆಸದೆ ಗುಬ್ಬಿಗೆ ಬಿಡುತ್ತಿದ್ದೆವು. ನಮ್ಮೂರ ಗುಬ್ಬಿಗಳು ಎಷ್ಟು ಸಲ ಮುಂಬಯಿ ತಿಂದವೋ ಶಿವನೇ ಬಲ್ಲ.

ಅಪ್ಪ ಮುಂಬಯಿಗೆ ಹೋದದ್ದು ಮದುವೆಗೂ ಮುಂಚೆ. ತನ್ನಪ್ಪನ, ಅಂದರೆ ನಮ್ಮ ಮುತ್ತ್ಯಾನ, ಕೂಡ ಜಗಳ ತೆಗೆದು, “ಮುಂಬೈಗೆ ಹೋಗಿ ದೊಡ್ಡ ಮನಷ್ಯಾ ಆಗಿ ಬರ್ತೇನಿ,” ಅಂತ ಊರ ಮುಂದೆ ಎದೆ ಬಡಿದುಕೊಂಡು ಹೋದನಂತೆ. ಎರಡು ವರ್ಷ ಸುದ್ದಿಯಿಲ್ಲ. ಆ ಎರಡು ವರ್ಷದ ನಡುವೆಯೇ ಅಪ್ಪನ ಅವ್ವ, ನಮ್ಮ ಆಯಿ, ತೀರಿಕೊಂಡಳು. ಮುಂಬಯಿಯಂಥ ಮುಂಬಯಿಯಲ್ಲಿ ಯಾರನ್ನು ಅಂತ ಹುಡುಕುವುದು, ಯಾರ ಕೈಯಲ್ಲಿ ಸುದ್ದಿ ಕಳಿಸುವುದು? ಹಾಗಾಗಿ ಮಗನಿಲ್ಲದೆ ಮಣ್ಣು ಮಾಡಿದರು. ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಅಪ್ಪ ಎದ್ದು ದನದ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ದುಃಖ ಅಂತ ನಾವು ತಿಳಿದಿದ್ದೆವು.

ಎರಡನೆಯ ಮಹಾಯುದ್ಧದ ಲಡಾಯಿ ಮುಗಿದ ವರ್ಷ ಬಬಲೇಶ್ವರದಿಂದ ನಮ್ಮ ಅತ್ತೆ ಚಕ್ಕಡಿ ಹೂಡಿಸಿಕೊಂಡು ಬಂದಿಳಿದಳು. ಅಪ್ಪನ ಅಕ್ಕ. ಗಂಡ ಸತ್ತು ಬಹಳ ವರ್ಷವಾಗಿತ್ತು, ಇದ್ದವನು ಒಬ್ಬನೇ ಮಗ. ಅವನೂ ಯಾವನದೋ ಮಾತು ಕೇಳಿ ಹಡಗಿನಲ್ಲಿ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಸೇರಿ, ಲಡಾಯಿ ಮುಗಿಯುವ ತನಕ ಯಾವ ಯಾವ ಸಮುದ್ರದಲ್ಲಿದ್ದನೋ ಏನೋ. ಕೆರೆಯಲ್ಲಿ ಕಾಲಿಡಲು ಹೆದರುತ್ತಿದ್ದ ಹುಡುಗ ಅವನು. ಈಗ ಯಾರದೋ ಕೈಯಲ್ಲಿ ಒಂದು ಕಾರ್ಡು ಬರೆಸಿ ಹಾಕಿದ್ದ. ಹಡಗು ಮುಂಬಯಿಗೆ ಬರುತ್ತದೆ, ಒಂದೇ ದಿನ ನಿಂತು ಮತ್ತೆ ಹೋಗುತ್ತದೆ, ಊರಿಗೆ ಬರಲು ರಜೆಯಿಲ್ಲ. ಆ ದಿನ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನ ತನಕ ಬಂದರಿನ ಕೆಂಪು ಗೇಟಿನ ಹತ್ತಿರ ನಿಂತಿರುತ್ತೇನೆ, ಮಾವನಿಗೆ ಮುಂಬಯಿ ಗೊತ್ತಲ್ಲ, ಅವ್ವನನ್ನು ಕರೆದುಕೊಂಡು ಬರಲಿ. ಕಾರ್ಡನ್ನು ನಾನೇ ಓದಿ ಹೇಳಿದೆ. ಅತ್ತೆ ಅದನ್ನು ಎರಡು ಸಲ ಓದಿಸಿ ಕೇಳಿ, “ನಡಿ ತಮ್ಮಾ, ಯಾವತ್ತ ಹೊರಡೂನು?” ಅಂದಳು.

ಅಪ್ಪ ಕೆಮ್ಮಿದ. ಬಿತ್ತುವ ದಿನ ಹತ್ತಿರ ಬಂತು ಅಂದ. ಎತ್ತಿಗೆ ಕಾಲುಬೇನೆ ಅಂದ. ಎರಡೂ ಸುಳ್ಳಲ್ಲ, ಆದರೂ ಅತ್ತೆಗೆ ರೇಗಿತು.

“ಎತ್ತಿನ ಕಾಲ ಹಿಡ್ಕೊಂಡ ಕೂಡತಿಯೇನು? ನನ್ನ ಮಗಾ ಒಂದ ದಿನ ನಿಂದ್ರತಾನ. ಅವನ ಮಾರಿ ನೋಡಲಾರದ ನಾ ಸತ್ರ ಆ ಎತ್ತು ಬರ್ತೈತೇನ ಮಣ್ಣ ಹಾಕಾಕ?”

ಅಪ್ಪ ಎದ್ದು ದನದ ಕೊಟ್ಟಿಗೆಗೆ ಹೋದ. ಮರುದಿನ ಊಟಕ್ಕೆ ಕೂತಾಗ ತಾನೇ ಒಂದು ಹೊಸ ಮಾತು ತೆಗೆದ. “ಲಡಾಯಿ ಆದಮ್ಯಾಲ ಮುಂಬೈ ಬದಲಾಗಿರತೈತಿ. ನಾ ಕಂಡಿದ್ದು ಹಳೀ ಮಾತು. ವಿಜಾಪುರದಾಗ ಪುಸ್ತಕದ ಅಂಗಡಿ ಐತಿ. ಒಂದ ಹೊಸಾ ಪುಸ್ತಕ, ಒಂದ ನಕಾಶಿ ತಗೊಂಡ್ರ ಪಾಡ.”

ನಾನು ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತೆ. ‘ದೇಶ ಸುತ್ತಿದಾವಗ ಕೋಶ ಯಾಕ?’ ಅಂತ ನನ್ನ ಓದನ್ನು ನಗುತ್ತಿದ್ದವನು ಇವನೇ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಾಗಲೂ, “ಮುಲ್ಕಿ ಕಟ್ಟಿಗೊಂಡ ಮುಂಬೈಗಿ ಹೊಕ್ಕೀಯೇನು?” ಅಂತ ಚಾಷ್ಟಿ ಮಾಡಿದ್ದ. ಆದರೆ ನಕಾಶೆ ಓದಲು ಮನೆಯಲ್ಲಿ ನಾನೊಬ್ಬಳೇ. ಮರಾಠಿಯೂ ನೆರೆಮನೆಯವರಿಂದ ಕಲಿತಿದ್ದೆ. ಅಪ್ಪನೇ ‘ನೀನೂ ಬಾ, ಆರಿಸು’ ಅಂದದ್ದಕ್ಕೆ ನಾನು ಹಿಗ್ಗಿ ಹೀರೇಕಾಯಿಯಾದೆ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೊರಟೆ.

ಲಡಾಯಿಯಿಂದ ಪೆಟ್ರೋಲು ಸಿಗದೆ ಆಗಿನ ಮೋಟರುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಅಂಥದೊಂದರಲ್ಲಿ ಅಪ್ಪ, ಅತ್ತೆ, ನಾನು ಮೂವರೂ ಮಸಿ ಬಳಿದುಕೊಂಡು ವಿಜಾಪುರಕ್ಕೆ ಇಳಿದೆವು. ಪುಸ್ತಕದ ಅಂಗಡಿ ಬಜಾರದಲ್ಲಿತ್ತು. ಯಜಮಾನರು ಕರಿ ಟೋಪಿಯ ವಯಸ್ಸಾದವರು. ಒಳಗೆ ಕೋಟು ತೊಟ್ಟ ಇಬ್ಬರು ಯಾವುದೋ ಕಾಯಿದೆ ಪುಸ್ತಕ ತಿರುವುತ್ತ ನಿಂತಿದ್ದರು. ಅಪ್ಪ ಚಪ್ಪಲಿ ಹೊರಗೆ ಬಿಟ್ಟ. ಬಿಡಬೇಕಾಗಿರಲಿಲ್ಲ, ಕೋಟಿನವರು ಬಿಟ್ಟಿರಲಿಲ್ಲ. ನಾನು ಮತ್ತು ಅತ್ತೆ ಅವನನ್ನು ನೋಡಿ ನಮ್ಮವನ್ನೂ ಬಿಟ್ಟೆವು.

“ಮುಂಬೈಗೆ ಹೋಗವರಿಗೆ ಪುಸ್ತಕ ಬೇಕ್ರಿ,” ಅಂದೆ ನಾನು.

ಯಜಮಾನರು ಖುಷಿಯಾದರು. ಲಡಾಯಿಯಿಂದ ಕಾಗದಕ್ಕೆ ಬರ, ಹೊಸದೇನೂ ಬಂದಿಲ್ಲ, ಇದ್ದದ್ದನ್ನು ತೋರಿಸುತ್ತೇನೆ ಅಂತ ಧೂಳು ಜಾಡಿಸಿ ಒಂದೊಂದೇ ಮುಂದಿಟ್ಟರು. ಒಂದು ಕೆಂಪು ರಟ್ಟಿನ ದಪ್ಪ ಇಂಗ್ಲಿಷ್ ಪುಸ್ತಕ. ವಿಲಾಯತಿಯಿಂದ ಹಡಗಿನಲ್ಲಿ ಬಂದಿಳಿಯುವ ಸಾಹೇಬರಿಗಾಗಿ ಬರೆದದ್ದು, ಯಾವ ಹೋಟೆಲಿನಲ್ಲಿ ಬರ್ಫ ಸಿಗುತ್ತದೆ, ಕುದುರೆ ಜೂಜು ಎಲ್ಲಿ, ಎಲ್ಲ ಅದರಲ್ಲಿದೆಯಂತೆ. ಒಂದು ತೆಳ್ಳನೆಯ ಕನ್ನಡ ಪುಸ್ತಕ. ಅದರಲ್ಲಿ ಗುಡಿ ಮತ್ತು ಧರ್ಮಶಾಲೆ ಬಿಟ್ಟರೆ ಉಳಿದ ಮುಂಬಯಿಯೇ ಇಲ್ಲ. ಒಂದು ಮರಾಠಿ ಕೈಪುಸ್ತಕ. ಯಾವ ಟ್ರಾಮು ಎಲ್ಲಿಗೆ, ಖಾನಾವಳಿ ಎಲ್ಲಿ, ಬಂದರಿನ ಯಾವ ಗೇಟು ಯಾವ ಬಣ್ಣದ್ದು, ಒಂದೂ ಬಿಡದೆ ಬರೆದಿದ್ದರು. ಆಮೇಲೆ ಎರಡು ನಕಾಶೆ. ಗೋಡೆಗೆ ತೂಗುಹಾಕುವ ದೊಡ್ಡದು, ಇಡೀ ಸಮುದ್ರದಂಡೆಯದು. ಇನ್ನೊಂದು ಬಟ್ಟೆಗೆ ಅಂಟಿಸಿ ಮಡಚಿದ್ದು, ಬರೀ ಮುಂಬಯಿ ಶಹರದ್ದು.

“ಯಾವ ಭಾಗಕ್ಕ ಹೋಗ್ತೀರಿ? ಮುಂಬೈ ನೋಡಿದವರು ಯಾರಾದ್ರೂ ಅದಾರೇನು ನಿಮ್ಮಾಗ?” ಯಜಮಾನರು ಕೇಳಿದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! “ನಮ್ಮಪ್ಪ ಎರಡ ವರ್ಷ ಅಲ್ಲೇ ಇದ್ದಾನ್ರಿ,” ಅಂದೆ, ಕೋಟಿನವರಿಗೂ ಕೇಳುವ ಹಾಗೆ.

ಅಷ್ಟೇ ಸಾಕಾಯಿತು. ಆ ಮುದುಕರು ಎಳೆಯ ವಯಸ್ಸಿನಲ್ಲಿ ಮುಂಬಯಿಯ ಗಿರಗಾಂವದಲ್ಲಿ ಇದ್ದವರಂತೆ. ಎದುರಿಗೆ ತಮ್ಮೂರವನೇ ಸಿಕ್ಕ ಹಾಗೆ ಮುಖ ಅರಳಿಸಿ ಮರಾಠಿಯಲ್ಲಿ ಸುರು ಹಚ್ಚಿದರು. ಯಾವ ಚಾಳಿನಲ್ಲಿದ್ದಿರಿ, ಕೆಲಸ ಎಲ್ಲಿ, ಬೋರಿಬಂದರಿಗೆ ಟ್ರಾಮಿನಲ್ಲಿ ಬರುತ್ತಿದ್ದಿರೋ ನಡೆದೋ. ಅಪ್ಪ ನನ್ನ ಮುಖ ನೋಡಿದ. ಎರಡು ವರ್ಷ ಮುಂಬಯಿಯಲ್ಲಿದ್ದವನಿಗೆ ಮರಾಠಿಯ ಒಂದು ಅಕ್ಷರ ಗೊತ್ತಾಗುತ್ತಿಲ್ಲ ಅನ್ನುವುದು ನನಗೆ ಆಗಲೇ ಹೊಳೆಯಬೇಕಾಗಿತ್ತು. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಗಂಟಲು ಸರಿಮಾಡಿಕೊಂಡು, ಪುಸ್ತಕಗಳ ನಡುವೆ ಕೈಯಾಡಿಸುತ್ತ, ಕಟ್ಟೆಯ ಮೇಲೆ ಹೇಳುವುದನ್ನೇ ಹೇಳಿದ. ಠೇಶನ್, ಗುಮ್ಮಟ, ಪಡುವಲಕ್ಕೆ ಒಂದೇ ರಸ್ತೆ, ಕೋಟೆ, ಬಜಾರ, ಅರ್ಧ ತಾಸಿನ ಮೇಲೆ ನೀರು.

ಯಜಮಾನರು ತಲೆ ಕೆರೆದುಕೊಂಡರು. “ಗುಮ್ಮಟ ಅದ, ಖರೇ, ಠೇಶನ್ನಿನ ನೆತ್ತಿ ಮ್ಯಾಲೇ ಅದ. ಕೋಟಿನೂ ಅನ್ನತಾರ ಆ ಭಾಗಕ್ಕ. ಆದ್ರ ಹಿಂಗ ಒಂದ ರಸ್ತಾ... ಇದು ಯಾವ ಮುಂಬೈ ರೀ ಯಜಮಾನ್ರ?”

ಕೋಟಿನವರಲ್ಲಿ ಒಬ್ಬ ನಕ್ಕ. ಸಣ್ಣಗೆ, ಮೂಗಿನಲ್ಲಿ. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಬರಿಗಾಲು, ಮಸಿ ಮುಖ, ಸೆರಗಿನ ತುದಿಗೆ ಅಂಟಿದ ಇದ್ದಿಲು, ಎಲ್ಲ ಒಮ್ಮೆಲೇ ನೆನಪಾಯಿತು. ಅತ್ತೆಗೆ ಈ ನಗೆಯ ಪರಿವೆಯೇ ಇಲ್ಲ. ಅವಳು ಬಟ್ಟೆಯ ನಕಾಶೆಯನ್ನು ಎಳೆದುಕೊಂಡು, “ಇದು ಮಡಚಿದ್ರೂ ಹರಿಯಂಗಿಲ್ಲ, ಚೊಲೋ ಐತಿ. ನನ್ನ ಮಗಾ ನಿಂದ್ರೂ ಗೇಟ ಎಲ್ಲೈತಿ, ಬೆರಳ ಇಡ,” ಅಂದಳು.

ನಾನು ಕೈಪುಸ್ತಕ ನೋಡಿ, ನಕಾಶೆ ನೋಡಿ, ಬೆರಳಿಟ್ಟೆ. ಬೋರಿಬಂದರ ಇಲ್ಲಿ. ಕೆಂಪು ಗೇಟು ಇಲ್ಲಿ. ಠೇಶನ್ನಿನ ಬೆನ್ನಿಗೇ, ಮೂಡಲಕ್ಕೆ. ಅತ್ತೆ ತನ್ನ ಹೆಬ್ಬೆರಳಿಟ್ಟಳು, ಎರಡೂ ಜಾಗ ಅದರಡಿ ಮುಚ್ಚಿಹೋದವು.

“ಇಷ್ಟ ಸನೇಕ? ಪಡುವಲಕ್ಕ ಅರ್ಧಾ ತಾಸು ಅಂದಿದ್ದೆಲ್ಲೋ ತಮ್ಮಾ?”

“ನಕಾಶಿ ತಪ್ಪೈತಿ,” ಅಂದ ಅಪ್ಪ.

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಕೋಟಿನವರು ಇಬ್ಬರೂ ಈಗ ಬಾಯಿ ಬಿಟ್ಟೇ ನಕ್ಕರು. ಅಪ್ಪ ಆ ಕೆಂಪು ರಟ್ಟಿನ ಸಾಹೇಬರ ಪುಸ್ತಕವನ್ನು ಎತ್ತಿ, “ಇದನ್ನ ಕಟ್ಟಿ ಕೊಡ್ರಿ, ಇದು ದೊಡ್ಡದೈತಿ,” ಅಂದ. ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ, ಅಷ್ಟು ಜನರ ಮುಂದೆ. “ಇದು ಹಡಗದಿಂದ ಇಳದಾವರಿಗೆ ಯಪ್ಪಾ, ನಮಗಲ್ಲ!” ಅಂದೆ. ಮರಾಠಿ ಕೈಪುಸ್ತಕ ಮತ್ತು ಬಟ್ಟೆಯ ನಕಾಶೆ ಕಟ್ಟಿಸಿಕೊಂಡೆವು. ಅಪ್ಪ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ನಮಗೆ ಬೆನ್ನು ಕೊಟ್ಟು ನಿಂತಿದ್ದ.

ತಿಕೋಟಾದ ಮೋಟರು ಬಿಡಲು ಇನ್ನೂ ಹೊತ್ತಿತ್ತು. ಅಲ್ಲಿಗೆ ಮುಗಿದಿದ್ದರೆ ಮಾನ ಅಂಗಡಿಯಲ್ಲೇ ಬಿಟ್ಟು ಬಂದೆವು ಅಂತ ತಿಳಿದು ಸುಮ್ಮನಾಗಬಹುದಿತ್ತು. ನನಗೆ ಹೊಸ ನಕಾಶೆಯ ಹುಚ್ಚು. ಹಕ್ಕಿ ಮೇಲಿನಿಂದ ನೋಡಿದರೆ ಊರು ಹೇಗೆ ಕಾಣುತ್ತದೋ ಅದೇ ನಕಾಶೆ ಅಂತ ಮಾಸ್ತರರು ಹೇಳಿಕೊಟ್ಟಿದ್ದರು. ಊರ ಪಡುವಲಕ್ಕೆ ಉಪ್ಪಲಿ ಬುರುಜು ಇದೆಯಲ್ಲ, ಹೊರಮೈಗೆ ಸುತ್ತಿಕೊಂಡು ಮೆಟ್ಟಿಲು ಏರುವ ಎತ್ತರದ ಬುರುಜು, ಅದನ್ನು ಹತ್ತೋಣ, ಒಂದು ಊರನ್ನು ಹಕ್ಕಿಯ ಹಾಗೆ ನೋಡೋಣ ಅಂತ ಹಟ ಹಿಡಿದೆ. ಅಪ್ಪ ಬೇಡ ಅಂದ. ಅತ್ತೆ, “ಇಷ್ಟ ವಯಸ್ಸಾತು, ನಾನೂ ನೋಡಿಲ್ಲ,” ಅಂತ ಸೀರೆ ಎತ್ತಿ ಕಟ್ಟಿ ಮುಂದಾದಳು.

ಮೇಲೆ ಗಾಳಿಯೋ ಗಾಳಿ. ಉದ್ದನೆಯ ತೋಪಿನ ಪಕ್ಕ ನಿಂತು ಕಣ್ಣರಳಿಸಿದೆ. ಮೂಡಲ ಅಂಚಿಗೆ ಗೋಳಗುಮ್ಮಟ. ಅದರ ಆಚೆಗೆ ರೇಲ್ವೆ ಠೇಶನ್ನಿನ ಹೊಗೆ. ಗುಮ್ಮಟದಿಂದ ನಮ್ಮ ಕಡೆಗೆ, ಪಡುವಲಕ್ಕೆ, ಒಂದೇ ರಸ್ತೆ. ನಡುವೆ ಒಳಕೋಟೆ. ಕೋಟೆ ದಾಟಿದರೆ ಬಜಾರ. ಬಜಾರ ದಾಟಿ ನೆಟ್ಟಗೆ ಬಂದರೆ ಈ ತುದಿಗೆ, ಬಿಸಿಲಿಗೆ ಮಿಂಚುತ್ತ, ತಾಜ್ ಬಾವಡಿ ಅನ್ನುವ ದೊಡ್ಡ ಬಾವಿಯ ನೀರು.

“ಯಪ್ಪಾ!” ಅಂತ ನಾನು ಚಪ್ಪಾಳೆ ಹೊಡೆದು ನಕ್ಕೆ. “ನೀ ಜ್ವಾಳದಾಗ ಮಾಡೂ ಮುಂಬೈ ಇಲ್ಲೇ ಐತಿ ನೋಡ!”

ತಮಾಷೆಗೆ ಅಂದದ್ದು, ದೇವರಾಣೆಗೂ. ಅಂದಮೇಲೆ ಅಪ್ಪನ ಮುಖ ನೋಡಿದೆ. ಆ ಮುಖವನ್ನು ನಾನು ಹೇಗೆ ಹೇಳಲಿ? ಊರ ನಡುವೆ ಧೋತರ ಜಾರಿದ ಗಂಡಸಿನ ಮುಖ. ಚಪ್ಪಾಳೆಗೆ ಎತ್ತಿದ್ದ ಕೈ ಇಳಿಸಿದೆ. ಅಪ್ಪ ತೋಪಿನ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ.

ಅತ್ತೆ ಓದಿದವಳಲ್ಲ, ನಕಾಶೆ ಕಂಡವಳಲ್ಲ. ಆದರೆ ತಮ್ಮನ ಜೋಳದ ಮುಂಬಯಿಯನ್ನು ನೂರು ಸಲ ಕಂಡವಳು. ಆ ಗುಮ್ಮಟದಿಂದ ಈ ನೀರಿನ ತನಕ ಒಮ್ಮೆ ನಿಧಾನವಾಗಿ ಕಣ್ಣಾಡಿಸಿದಳು. ಆಮೇಲೆ ಕೇಳಿದಳು, “ಅವ್ವ ಹ್ವಾದಾಗ ನೀ ಎಲ್ಲಿದ್ದಿ?”

ಅಪ್ಪ ತೋಪಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

“ನಿನ್ನ ಕೇಳಾಕತ್ತೇನಿ. ಎಲ್ಲಿದ್ದಿ?”

“ಠೇಶನ್ನದಾಗ.”

“ಯಾವ ಠೇಶನ್ನದಾಗ?”

ಅಪ್ಪ ಗದ್ದ ಎತ್ತಿ ಆ ಹೊಗೆಯ ಕಡೆ ತೋರಿಸಿದ.

ಮೇಲೆ ಬೇರೆ ಯಾರೂ ಇರಲಿಲ್ಲ. ಅಪ್ಪ ಅಲ್ಲಿ ಹೇಳಿದ್ದು ಇಷ್ಟು. ಮುಂಬಯಿಗೆ ಅಂತಲೇ ಹೊರಟಿದ್ದ. ವಿಜಾಪುರದ ಠೇಶನ್ನಿಗೆ ಬಂದು ಗಾಡಿ ನೋಡಿದ. ಅದಕ್ಕೂ ಮೊದಲು ಗಾಡಿ ನೋಡಿದವನಲ್ಲ. ಅದು ಬಂದು ನಿಂತು ಬುಸ್ ಅಂದಾಗ ಕಾಲು ಕಿತ್ತಿಡಲು ಆಗಲಿಲ್ಲ. ಗಾಡಿ ಹೋಯಿತು. ನಾಳೆ ಹತ್ತಿದರಾಯಿತು ಅಂದುಕೊಂಡ. ನಾಳೆಯೂ ಹೋಯಿತು. ಊರ ಮುಂದೆ ಎದೆ ಬಡಿದುಕೊಂಡು ಬಂದವನು ಯಾವ ಮುಖ ಹೊತ್ತು ಹಿಂದಕ್ಕೆ ಹೋಗುವುದು? ಅಲ್ಲೇ ಹಮಾಲಿ ಹಿಡಿದ. ಮುಂಬಯಿಯಿಂದ ಬಂದಿಳಿದವರ ಗಂಟು ಹೊರುತ್ತ ಅವರ ಬಾಯಿಂದ ಮುಂಬಯಿ ಕೇಳಿಕೊಂಡ. ಗುಮ್ಮಟ ಅಂದರೆ ಈ ಗುಮ್ಮಟ ನೆನಪಾಗುತ್ತಿತ್ತು, ಕೋಟೆ ಅಂದರೆ ಈ ಕೋಟೆ. ಸಮುದ್ರ ಅಂದರೆ ಅವನಿಗೆ ಗೊತ್ತಿದ್ದ ದೊಡ್ಡ ನೀರು ಇದೊಂದೇ.

ಅಪ್ಪ ಹೇಳಿದ ದಾರಿ ಹಿಡಿದು ಹೋದವರು ಏನಾದರು ಅಂತ ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಅವರಿವರನ್ನು ಕೇಳಿಕೊಂಡು ಹೇಗೋ ಮುಟ್ಟಿರಬೇಕು. ತಿರುಗಿ ಬಂದು ಹಿರಿಯನೊಬ್ಬನ ಮುಂದೆ ‘ನಿನ್ನ ದಾರಿ ಸುಳ್ಳು’ ಅನ್ನುವ ನಾಲಿಗೆ ಆಗಿನವರಿಗೆ ಇರಲಿಲ್ಲ. ನನಗೆ ಮಾತ್ರ ಇತ್ತು ನೋಡಿ, ಹಾಳಾದ ನಾಲಿಗೆ.

“ಸುದ್ದಿ ಯಾವಾಗ ಗೊತ್ತಾತು?” ಅತ್ತೆ ಕೇಳಿದಳು.

“ಹತ್ತಿ ಮಾರಾಕ ಬಂದ ನಮ್ಮೂರ ಚಕ್ಕಡಿಯಾವರು ಮಾತಾಡಾಕತ್ತಿದ್ರು. ಮಣ್ಣಾಗಿ ಮೂರ ದಿನ ಆಗಿತ್ತು.” ಅಪ್ಪ ಅತ್ತೆಯ ಕಡೆ ತಿರುಗಿದ. “ಅವರು ನನ್ನ ನೋಡಬಾರದಂತ ಹತ್ತಿ ಅಂಡಿಗಿ ಹಿಂದ ಅಡಗಿ ಕುಂತೆ ಅಕ್ಕಾ.”

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಗುಮ್ಮಟದ ಕಡೆ ಮುಖ ಮಾಡಿಯೇ ಹೇಳಿದಳು. “ಕಡೀ ದಿನದಾಗ ಅವ್ವ ತನ್ನ ಹೊರಸು ಹಿತ್ತಲಕ್ಕ ಹಾಕಿಸಿದ್ಳು. ಅಲ್ಲಿಂದ ಈ ಗುಮ್ಮಟ ಕಾಣತಿತ್ತು. ‘ನನ್ನ ಮಗಾ ಅದರ ಬುಡಕ ಹಾದು ಮುಂಬೈಗಿ ಹೋಗ್ಯಾನ, ಅದರ ಬುಡಕ ಹಾದ ಬರ್ತಾನ’ ಅಂತ ನೋಡಕೋತ ಮಕ್ಕೋತಿದ್ಳು. ನಾವು ಅಕೀಗಿ, ಮುಂಬೈ ಭಾಳ ದೂರ ಐತಿ ಬೇ, ಅಂತ ಸಮಾಧಾನ ಹೇಳತಿದ್ದಿವಿ. ನೀ ಅದರ ಬುಡಕ ಇದ್ದಿ. ಮುಂಜಾನೆ ಬಿಟ್ರ ಮಧ್ಯಾನಕ್ಕ ನಡಕೋತ ಬರೂವಷ್ಟ ದೂರ.”

ಅಪ್ಪ ತೋಪಿನ ಬುಡಕ್ಕೆ ಕೂತ. ನಾನು ನಕಾಶೆಯನ್ನು ಎದೆಗೆ ಅವಚಿಕೊಂಡು ಎತ್ತ ನೋಡಬೇಕೋ ತಿಳಿಯದೆ ನಿಂತಿದ್ದೆ. ಅಪ್ಪನ ಮೇಲೆ ಹೇಸಿಗೆ ಆಯಿತು, ಆ ಹೇಸಿಗೆಗೆ ನನ್ನ ಮೇಲೆಯೇ ಹೇಸಿಗೆ ಆಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಮ್ಮ ಮಾನ ಒಂದು ನಗೆಗೆ ಹೋಗಿತ್ತು, ಅದೂ ನನ್ನ ನಗೆಗೆ. ತಿಕೋಟಾದ ತನಕ ಮೋಟರಿನಲ್ಲಿ ಮೂವರೂ ಬೇರೆ ಬೇರೆ ಊರಿನವರ ಹಾಗೆ ಕೂತು ಬಂದೆವು.

ಅತ್ತೆ ಬಬಲೇಶ್ವರಕ್ಕೆ ಹಿಂದಿರುಗಲಿಲ್ಲ. ನಮ್ಮ ಮನೆಯಲ್ಲೇ ಇದ್ದಳು, ಅಪ್ಪನ ಕೂಡ ಮಾತಿಲ್ಲ. ರೊಟ್ಟಿ ಬಡಿದಳು, ಮಗನಿಗೆ ಅಂತ ಶೇಂಗಾ ಹೋಳಿಗೆ ಮಾಡಿದಳು, ಕಟ್ಟಿದಳು. ಅವ್ವನಿಗೆ ನಾನು ಏನೂ ಹೇಳಿರಲಿಲ್ಲ, ಅವಳು ಮಿಕಿಮಿಕಿ ನೋಡುತ್ತಿದ್ದಳು. ನನಗಿದ್ದ ಚಿಂತೆ ಒಂದೇ: ಈಗ ಅತ್ತೆಯನ್ನು ಕರೆದುಕೊಂಡು ಹೋಗುವವರು ಯಾರು? ಗಂಡಸರ ಜೊತೆಯಿಲ್ಲದೆ ಹೆಂಗಸರು ಅಷ್ಟು ದೂರ ಹೋಗುವ ಕಾಲವಲ್ಲ. ಆ ಹುಡುಗ ಕೆಂಪು ಗೇಟಿನಲ್ಲಿ ಮಧ್ಯಾಹ್ನದಿಂದ ನಿಂತು ನಿಂತು ದೀಪ ಹಚ್ಚುವ ಹೊತ್ತಿಗೆ ಹಡಗು ಹತ್ತುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು.

ಹೊರಡಬೇಕಾದ ದಿನ ಮುಂಜಾನೆ ಅತ್ತೆ ಟ್ರಂಕನ್ನು ಪಡಸಾಲೆಗೆ ಎಳೆದು ತಂದು ಅಪ್ಪನ ಮುಂದೆ ಇಟ್ಟಳು.

“ಏಳ ತಮ್ಮಾ. ನಮ್ಮವ್ವಗ ತನ್ನ ಮಗನ ಮಾರಿ ನೋಡೂದು ಆಗ್ಲಿಲ್ಲ. ನನಗಾದ್ರೂ ನನ್ನ ಮಗನ್ನ ತೋರಿಸು.”

“ನನಗ ದಾರಿ ಗೊತ್ತಿಲ್ಲಕ್ಕಾ,” ಅಂದ ಅಪ್ಪ. ಅವ್ವನ ಮುಂದೆಯೇ ಅಂದ.

“ದಾರಿ ಈ ಹುಡುಗಿ ನೋಡತಾಳ. ನೀ ಗಂಟ ಹೊರು. ಅದಾದ್ರೂ ಬರ್ತೈತೆಲ್ಲ ನಿನಗ?”

ಆ ಮಾತು ನನ್ನ ಬೆನ್ನ ಮೇಲೆ ಬಿದ್ದ ಹಾಗೆ ಆಯಿತು. ಅಪ್ಪ ಎದ್ದ. ವಿಜಾಪುರದ ಠೇಶನ್ನಿನಲ್ಲಿ ರುಮಾಲನ್ನು ಬಿಚ್ಚಿ ಒಂದೇ ಸುತ್ತಿಗೆ ಸಿಂಬಿ ಮಾಡಿ ತಲೆಗಿಟ್ಟು, ಟ್ರಂಕನ್ನು ಮೊಣಕಾಲಿನಿಂದ ಎತ್ತಿ ತಲೆಗೇರಿಸಿದ. ಎಂಥ ಸಲೀಸು! ಇಷ್ಟು ವರ್ಷ ನಮ್ಮ ಮನೆಯಲ್ಲಿ ಅವನು ಒಂದು ಕೊಡ ನೀರು ಹೊತ್ತದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿ ಕೂತಿದ್ದ ಒಬ್ಬ ಮುದಿ ಹಮಾಲ ಅಪ್ಪನನ್ನೇ ನೋಡಿದ, ಏನೋ ಅನ್ನಲು ಬಾಯಿ ತೆರೆದು, ಜೊತೆಗಿದ್ದ ನಮ್ಮನ್ನು ಕಂಡು ಮುಖ ತಿರುಗಿಸಿಕೊಂಡ. ಗಾಡಿ ಬಂತು. ಅಪ್ಪನ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲ ಬಿಡಲೊಲ್ಲದು. ಅತ್ತೆ ಹಿಂದಿನಿಂದ ಅವನ ಬೆನ್ನಿಗೆ ಅಂಗೈ ಇಟ್ಟಳು. ಅವನು ಹತ್ತಿದ.

ಹೊಟಗಿಯಲ್ಲಿ ಗಾಡಿ ಬದಲಿಸಿ ಬೋರಿಬಂದರಿಗೆ ಮುಟ್ಟಿದೆವು. ಅಂಥ ಕಟ್ಟಡ, ಅಂಥ ಜನ! ಅದನ್ನು ನೋಡಲು ನನಗೆ ಬಿಡುವಿರಲಿಲ್ಲ. ನಕಾಶೆ ಬಿಚ್ಚಿ, ಸೂರ್ಯನನ್ನು ನೋಡಿ ಮೂಡಲ ಹಿಡಿದು, ಕೈಪುಸ್ತಕ ತಿರುವಿ, ಠೇಶನ್ನಿನ ಬೆನ್ನಿಗೆ ಹೋಗುವ ಬೀದಿ ಹಿಡಿದೆ. ಎಲ್ಲರಿಗಿಂತ ಮುಂದೆ ನಾನು, ನನ್ನ ಸೆರಗು ಹಿಡಿದುಕೊಂಡು ಅತ್ತೆ, ಅವಳ ಹಿಂದೆ ಟ್ರಂಕು ಹೊತ್ತ ಅಪ್ಪ. ಅಪ್ಪ ಕತ್ತೆತ್ತಿ ಏನನ್ನೂ ನೋಡಲಿಲ್ಲ. ತಲೆಯ ಮೇಲೆ ಭಾರವಿದ್ದವನು ಎಲ್ಲಿ ನೋಡಬೇಕು!

ಕೆಂಪು ಗೇಟಿನ ಪಕ್ಕದ ಗೋಡೆಗೆ ಒರಗಿ ನಿಂತವನನ್ನು ನಾನು ಗುರುತಿಸಲಿಲ್ಲ. ಅತ್ತೆ ಗುರುತಿಸಿದಳು. ಅವಳ ಬಾಯಿಂದ ಬಂದದ್ದು ಅವನ ಹೆಸರಲ್ಲ, ಎಂಥದೋ ಒಂದು ಕೂಗು. ಅವನ ಮುಖ, ಕೈ, ಕಿವಿ ಹಿಡಿದು ಹಿಡಿದು ನೋಡಿದಳು. ಕಲ್ಲಿದ್ದಲಿನ ಮಸಿ ಅವನ ಉಗುರಿನಿಂದ ಹೋಗಿರಲಿಲ್ಲ. ಅಳುವುದು, ಹೋಳಿಗೆ ತಿನ್ನಿಸುವುದು ಎರಡೂ ಒಟ್ಟಿಗೇ ನಡೆಯಿತು.

ಹೊತ್ತಿಳಿದ ಮೇಲೆ ಅವನು ಅಪ್ಪನ ಕಾಲಿಗೆ ನಮಸ್ಕಾರ ಮಾಡಿದ. “ಮಾವಾ, ನಿನಗ ಮುಂಬೈ ಗೊತ್ತಿದ್ದದ್ದಕ್ಕ ಅವ್ವ ದಾರಿ ತಪ್ಪಲಾರದ ಬಂದ್ಳು. ಇಲ್ಲಂದ್ರ ನಾ ಅಕೀನ್ನ ನೋಡತಿದ್ದಿಲ್ಲ.”

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೌದು,” ಅಂದಳು. “ಅವನೇ ಕರಕೊಂಡ ಬಂದಾನ.”

ಅಪ್ಪ ಅತ್ತ ತಿರುಗಿ ನಿಂತ. ಅವನು ತನ್ನ ಜೀವಮಾನದಲ್ಲಿ ಮೊದಲ ಸಲ ಸಮುದ್ರ ನೋಡಿದ್ದು ಆಗಲೇ. ಎಷ್ಟೋ ಹೊತ್ತು ಅದರ ಕಡೆಗೇ ಮುಖ ಮಾಡಿದ್ದ, ಭುಜ ಅಲುಗುತ್ತಿತ್ತು.

ಊರಿಗೆ ಬಂದ ಮೇಲೆ ಅತ್ತೆ ಯಾರಿಗೂ ಏನೂ ಹೇಳಲಿಲ್ಲ. ಬಬಲೇಶ್ವರಕ್ಕೆ ಹೋದಳು. ಅಪ್ಪನ ಹೆಸರು ತಿಕೋಟಾದಲ್ಲಿ ಮೊದಲಿಗಿಂತ ಹೆಚ್ಚು ನಡೆಯತೊಡಗಿತು: ವಿಧವೆ ಅಕ್ಕನನ್ನು ಮುಂಬಯಿಗೆ ಕರೆದೊಯ್ದು ಮಗನನ್ನು ತೋರಿಸಿ ಬಂದವನು. ಜನ ಹಾಗೆ ಹೊಗಳುವಾಗ ನಾನು ಒಳಗೆ ಹೋಗಿ ಒಲೆಯ ಮುಂದೆ ಕೂಡುತ್ತಿದ್ದೆ. ಅಪ್ಪ ಏನು ಮಾಡುತ್ತಿದ್ದನೋ, ಅವನ ಕಡೆ ನೋಡಲು ನನಗೆ ಧೈರ್ಯವಿರಲಿಲ್ಲ.

ಬಿತ್ತನೆ ಮುಗಿದ ಮೇಲೆ ಒಂದು ಮುಂಜಾನೆ ಘೋಣಸಗಿಯಿಂದ ಇಬ್ಬರು ಗಂಡಸರು ಎಲೆ ಅಡಿಕೆ ಹಿಡಿದುಕೊಂಡು ಬಂದರು. ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಕೆಲಸಕ್ಕೆ ಮುಂಬಯಿಗೆ ಹೊರಟವರು. ಕಟ್ಟೆಯ ಮೇಲೆ ನಮ್ಮ ಓಣಿಯ ನಾಕು ಮಂದಿಯೂ ಎಂದಿನಂತೆ ಕೂಡಿದ್ದರು. ಅವ್ವ ಮೊರದಲ್ಲಿ ಜೋಳ, ತಂಬಿಗೆಯಲ್ಲಿ ನೀರು ತಂದಿಟ್ಟಳು. ಅಪ್ಪ ಎಲೆ ಅಡಿಕೆಯನ್ನು ಮುಟ್ಟಲಿಲ್ಲ. ನನ್ನನ್ನು ಕೂಗಿದ. ನಾನು ಬಾಗಿಲಿಗೆ ಬಂದೆ. ಹತ್ತಿರ ಕರೆದು ಕಟ್ಟೆಯ ಮೇಲೆ ಕೂಡಿಸಿ, ಮೊರವನ್ನು ಎಲ್ಲರೆದುರಿಗೆ ನನ್ನ ತೊಡೆಯ ಮೇಲೆ ಇಟ್ಟ.

“ನೀ ಇಡವ್ವಾ,” ಅಂದ. “ನಾ ಹೇಳತಿದ್ದದ್ದು ವಿಜಾಪುರ. ನನಗ ಗೊತ್ತಿದ್ದದ್ದು ಅದೊಂದ.”

ಯಾರೂ ನಗಲಿಲ್ಲ. ಅಪ್ಪ ಕಟ್ಟೆ ಇಳಿದು, ಕೇಳಲು ಬಂದವರ ಸಾಲಿನಲ್ಲಿ ನೆಲಕ್ಕೆ ಕೂತ. ನಾನು ತಲೆ ಎತ್ತದೆ ಕಲ್ಲು ಒರೆಸಿ, ಮೊದಲ ಹಿಡಿ ಜೋಳ ಇಟ್ಟೆ.